ಬಿಲ್ಲೆ ಕೂತಿದೆ

ಮೂರನೆಯ ಸೀಸೆಯೂ ಕರಗಲಿಲ್ಲ.

ಲ್ಯಾಬಿನ ಹಿರಿಯ ಪರೀಕ್ಷಕರು ಅದನ್ನು ಎರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸುತ್ತಿದ್ದರು. ಅರ್ಧ ನಿಮಿಷದಲ್ಲಿ ತಿಳಿನೀರಾಗಬೇಕಿದ್ದ ಮದ್ದು ನಾಲ್ಕು ನಿಮಿಷವಾದರೂ ಮೊಂಡು ಹಿಡಿದಿತ್ತು. ತಳದಲ್ಲಿ ಅಂಟಿನ ಮುದ್ದೆ, ಮೇಲೆ ಹಳೇ ಬಟ್ಟೆಯ ನೂಲಿನಂಥ ಎಳೆಗಳು.

"ಜೋರಾಗಿ ಕುಲುಕಿ ಅಣ್ಣಾ" ಎಂದಳು ಭೂತಗನ್ನಡಿ.

"ಕುಲುಕಿದ್ರೆ ನೊರೆ ಏಳುತ್ತೆ. ನೊರೆ ಎದ್ರೆ ಮದ್ದು ಸಾಯುತ್ತೆ."

"ಅದು ಸತ್ತು ಯಾವ ಕಾಲ ಆಯ್ತೋ."

"ಆಗಿರ್ಲಿ. ಹೆಣಕ್ಕೂ ಒಂದು ಮರ್ಯಾದೆ ಬೇಡ್ವೇನಮ್ಮಾ?"

ಅವಳಿಗೆ ನಗು ಬರಲಿಲ್ಲ. ಔಷಧ ನಿಯಂತ್ರಣ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿ ಅವಳಿಗೆ ಹದಿನೇಳು ವರ್ಷದ ಸರ್ವೀಸು. ಎಷ್ಟೇ ಸಣ್ಣ ಅಕ್ಷರವಿರಲಿ, ಕಣ್ಣಿಗೆ ಹತ್ತಿರ ಹಿಡಿದು ಓದದೆ ಬಿಡುವುದಿಲ್ಲವೆಂದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಅವಳ ಹುಟ್ಟುಹೆಸರನ್ನೇ ನುಂಗಿಹಾಕಿತ್ತು. ಈ ಕೇಸು ಹಿಡಿದ ಒಂಬತ್ತು ದಿನದಿಂದ ಆ ಹೆಸರೇ ಅವಳನ್ನು ಅಣಕಿಸುತ್ತಿತ್ತು.

ಹಲ್ಲು ಕೀಳಿಸಿಕೊಂಡ ಟೈಲರ್ ಒಬ್ಬ, ಮಂಡಿ ಊದಿಸಿಕೊಂಡು ಬಂದ ಬಸ್ ಕಂಡಕ್ಟರ್ ಒಬ್ಬ. ರಕ್ತ ಹೆಪ್ಪುಗಟ್ಟದ ಕಾಯಿಲೆಯ ಈ ಇಬ್ಬರೂ ಒಂದೇ ಬ್ಯಾಚಿನ ಮದ್ದು ಚುಚ್ಚಿಸಿಕೊಂಡು, ಹೆಪ್ಪುಗಟ್ಟದೆ, ರಕ್ತ ಸುರಿದು ಸತ್ತಿದ್ದರು. ಆ ಮದ್ದನ್ನು ಒಣಗಿಸಿದ ಯಂತ್ರ ನಡೆಸುತ್ತಿದ್ದ ಗುತ್ತಿಗೆ ಕೆಲಸಗಾರ್ತಿ, ಕಾರ್ಖಾನೆಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದವಳು, ಪೊಲೀಸ್ ಕಸ್ಟಡಿಯಲ್ಲಿದ್ದಳು.

ಈ ಮದ್ದು ರಾಸಾಯನಿಕ ಪುಡಿಯಲ್ಲ, ಜೀವದಿಂದ ತೆಗೆದ ಸಾರ. ನೀರಿನಲ್ಲೇ ಬಿಟ್ಟರೆ ಬೇಗ ಕೆಡುತ್ತದೆ. ಕಾಯಿಸಿ ಒಣಗಿಸೋಣವೆಂದರೆ ಮೊಟ್ಟೆಯ ಬಿಳಿಯ ಹಾಗೆ ಬೆಂದುಹೋಗುತ್ತದೆ. ಅದಕ್ಕೇ ಸಕ್ಕರೆ ಬೆರೆಸಿ, ಸೀಸೆಯಲ್ಲೇ ಮಂಜುಗಡ್ಡೆಯಾಗಿಸಿ, ಯಂತ್ರದೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ. ಆಗ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಉಳಿಯುವುದು ಜೇನುಗೂಡಿನಂತೆ ತೂತುತೂತಾದ, ಬೆಳ್ಳಗಿನ ಒಂದು ಒಣ ಬಿಲ್ಲೆ. ಈ ಕೆಲಸಕ್ಕೆ ಎರಡು ದಿನ ಬೇಕು. ಅವಸರಕ್ಕೆ ಬಿದ್ದು ಬೇಗ ಬಿಸಿ ಏರಿಸಿದರೆ ಆ ಜೇನುಗೂಡಿನ ಗೋಡೆಗಳು ಮೆತ್ತಗಾಗಿ ಬಿಲ್ಲೆ ಕುಗ್ಗುತ್ತದೆ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಮದ್ದು ಕಪಾಟಿನಲ್ಲೇ ಸದ್ದಿಲ್ಲದೆ ಸಾಯುತ್ತದೆ.

ಟೈಲರ್‌ನ ಮನೆಯಲ್ಲಿ ಉಳಿದಿದ್ದ ಮೂರೂ ಸೀಸೆಗಳಲ್ಲಿ ಬಿಲ್ಲೆ ಕುಗ್ಗಿತ್ತು. ಅದೇ ಬ್ಯಾಚಿನದೆಂದು ಕಾರ್ಖಾನೆ ಕಳಿಸಿದ ಮಾದರಿಗಳಲ್ಲಿ ದುಂಡಗೆ, ಚೆಂದಗಿತ್ತು. ಯಂತ್ರದ ಕಂಪ್ಯೂಟರ್ ದಾಖಲೆ ಕೇಳಿದರೆ 'ಸರ್ವರ್ ಬದಲಾಯಿಸುವಾಗ ಅಳಿಸಿಹೋಗಿದೆ' ಎಂಬ ಎರಡು ಸಾಲಿನ ಪತ್ರ ಬಂತು. ಉಳಿದದ್ದು ಕೈಬರಹದ ಒಂದು ರಿಜಿಸ್ಟರು, ಅದರ ಜೆರಾಕ್ಸು. ಆ ಬ್ಯಾಚಿನ ಎದುರು ದೊಡ್ಡಕ್ಕನ ಗುಂಡು ಅಕ್ಷರದಲ್ಲಿ ಎರಡೇ ಪದ.

'ಬಿಲ್ಲೆ ಕೂತಿದೆ.'

"ಇನ್ನೂ ಇಲ್ಲೇ ಇದ್ದೀರಾ?" ಬಾಗಿಲಲ್ಲಿ ಉಪನಿರ್ದೇಶಕರು ನಿಂತಿದ್ದರು. ಕೈಯಲ್ಲಿ ಟೈಪಾದ ವರದಿ, ಸಹಿಯ ಜಾಗದಲ್ಲಿ ಪೆನ್ಸಿಲ್ಲಿನ ಗುರುತು.

"ಮೂರೂ ಕರಗಲಿಲ್ಲ ಸರ್."

"ಅದೇ ತಾನೇ ನಾನೂ ಹೇಳ್ತಿರೋದು? ಕುಗ್ಗಿದ ಬಿಲ್ಲೆ ಕಣ್ಣಾರೆ ನೋಡ್ಕೊಂಡು 'ಕೂತಿದೆ' ಅಂತ ಬರೆದಿದ್ದಾಳೆ. ಸರಿಯಾಗಿ ಕೂತಿದೆ, ಅಚ್ಚುಕಟ್ಟಾಗಿದೆ ಅಂತ. ಶುದ್ಧ ಸುಳ್ಳು. ಅವಳ ಕೈಬರಹ, ಅವಳ ಸಹಿ. ಇನ್ನೇನು ಬೇಕು, ಆಕಾಶದಿಂದ ಯಾರಾದ್ರೂ ಇಳಿದು ಬಂದು ಸಾಕ್ಷಿ ಹೇಳ್ಬೇಕಾ?"

"ಸುಳ್ಳು ಬರೆದು ಆಕೆಗೆ ಸಿಗೋದೇನು ಸರ್? ಯಂತ್ರದ ಬಿಸಿ ಏರಿಸೋ ಪಾಸ್‌ವರ್ಡೇ ಆಕೆ ಹತ್ರ ಇಲ್ಲ."

"ಅದನ್ನ ಅವಳ ಲಾಯರ್ ಹೇಳ್ಲಿ. ನಾಲ್ಕು ಗಂಟೆಗೆ ಇದಕ್ಕೆ ನಿಮ್ಮ ಸಹಿ ಬೀಳ್ಬೇಕು. ಬಿದ್ರೆ ಪೊಲೀಸ್ನೋರು ಎರಡು ಸಾವಿನ ಕೇಸು ಅವಳ ಮೇಲೆ ಹಾಕ್ತಾರೆ, ಕಾರ್ಖಾನೆಯೋರು ಆ ಒಂದು ಬ್ಯಾಚು ವಾಪಸ್ ತರಿಸ್ಕೋತಾರೆ, ನಮ್ಮ ತಲೆನೋವು ಮುಗಿಯುತ್ತೆ."

"ಶುರುವಾಗೋದು ಯಾರ ತಲೇಲಿ?"

"ಏನಂದ್ರಿ?"

"ಏನಿಲ್ಲ ಸರ್."

ಹದಿನೇಳು ವರ್ಷದಲ್ಲಿ ಅವಳು ಕಂಡ ಯಾವ ತನಿಖೆಯೂ ಕಾರ್ಖಾನೆಯ ಎರಡನೇ ಮಹಡಿ ಹತ್ತಿರಲಿಲ್ಲ. ಎಲ್ಲವೂ ನೆಲ ಅಂತಸ್ತಿನಲ್ಲೇ, ಟೋಪಿ ಗವಸು ತೊಟ್ಟವರ ನಡುವೆಯೇ, ಒಬ್ಬರ ಕುತ್ತಿಗೆ ಹಿಡಿದು ಮುಗಿಯುತ್ತಿದ್ದವು. ಮಹಡಿಗೆ ಲಿಫ್ಟ್ ಇತ್ತು, ತನಿಖೆಗಿರಲಿಲ್ಲ.

ಹತ್ತೂಕಾಲು. ಅವಳು ಜೆರಾಕ್ಸಿನ ಕಟ್ಟನ್ನು ಬ್ಯಾಗಿಗೆ ತುರುಕಿಕೊಂಡು ಹೊರಬಿದ್ದಳು.

ಕಸ್ಟಡಿಗೆ ಹೋಗಿ ಪ್ರಯೋಜನವಿರಲಿಲ್ಲ. ಮೂರು ಸಲ ಹೋಗಿ ಬಂದಿದ್ದಳು. ಕಾವಲಿನ ಪೇದೆಯ ಜೊತೆಗೂ ನಾಲ್ಕು ಮಾತಾಡುವ ದೊಡ್ಡಕ್ಕ ಇವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಗೋಡೆಗೆ ಮುಖ ತಿರುಗಿಸಿಬಿಡುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಆ ಬೆನ್ನು ಏನು ಹೇಳುತ್ತಿದೆಯೋ ಅರ್ಥವಾಗದೆ ತಲೆ ಚಿಟ್ಟು ಹಿಡಿದಿತ್ತು. ಉಳಿದದ್ದು ದೊಡ್ಡಕ್ಕನ ಮನೆಯೊಂದೇ.

ಮುದ್ರಣಾಲಯದ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮುಂದೆ ದೊಡ್ಡಕ್ಕನ ಅತ್ತೆ. ಎಂಬತ್ತರ ಹತ್ತಿರದ ಮುದುಕಿ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಯಾರದೋ ಪ್ಯಾಂಟಿನ ಮಂಡಿಗೆ ತೇಪೆ ಹಾಕುತ್ತಿದ್ದಳು.

"ಬಾಗಿಲು ತಟ್ಟೋ ರೀತೀಲೇ ಗೊತ್ತಾಯ್ತು, ಸರ್ಕಾರದೋರು ಅಂತ. ಬನ್ನಿ. ಏನು ಬಾಕಿ ಉಳಿದಿದೆ ತಗೊಂಡು ಹೋಗೋಕೆ?"

"ನಿಮ್ಮ ಸೊಸೆ ಮನೇಲಿ ಏನಾದ್ರೂ ಬರೆದಿಡ್ತಿದ್ರಾ ಅಜ್ಜಿ? ಪುಸ್ತಕ, ಚೀಟಿ, ಏನಾದ್ರೂ?"

"ಬರೀತಿದ್ಲು. ಆ ಗೋಡೆ ಮೇಲೆ, ನನ್ನ ಮಾತ್ರೆ ನುಂಗೋ ಹೊತ್ತು. ಪೊಲೀಸ್ನೋರು ಅದರದೂ ಫೋಟೋ ತಗೊಂಡ್ರು. ನನ್ನ ಬೀಪಿ ಮಾತ್ರೇಲಿ ಯಾವ ಸಂಚು ಸಿಕ್ತೋ ಕಾಣೆ."

"ಫ್ಯಾಕ್ಟರಿ ವಿಷಯ ಮನೇಲಿ ಏನೂ ಹೇಳ್ತಿರ್ಲಿಲ್ವಾ?"

"ಹೇಳ್ತಿದ್ಲು, ಬೈತಿದ್ಲು. ಮೇಲಿನೋರು ಯಂತ್ರಾನ ಓಡಿಸ್ತಾರೆ ಅತ್ತೆ, ಅದು ನಡೆಯೋ ಜಾತಿ, ಓಡೋ ಜಾತಿ ಅಲ್ಲ ಅಂತಿದ್ಲು." ಮುದುಕಿ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಅದಿರ್ಲಿ. ನೀವು ಅವಳನ್ನ ಬಿಡಿಸೋಕೆ ಬಂದೋರೋ, ಸಿಗಿಸೋಕೆ ಬಂದೋರೋ?"

"ಗೊತ್ತಿಲ್ಲ ಅಜ್ಜಿ."

"ಅಂತೂ ಒಬ್ರು ನಿಜ ಹೇಳಿದ್ರು."

ಭೂತಗನ್ನಡಿಗೆ ಮುಖ ಬಿಸಿಯಾಯಿತು. ಗೋಡೆಯ ಬರಹವನ್ನಾದರೂ ನೋಡೋಣವೆಂದು ಮೂಲೆಯ ಕಡೆ ನಡೆದಳು.

"ಏಯ್! ಅಲ್ಲಿ ಕಾಲಿಡ್ಬೇಡಿ!" ಮುದುಕಿ ಕಿರುಚಿದಳು. "ನೆಲ ಕೂತಿದೆ."

ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು.

"ಏನಂದ್ರಿ?"

"ನೆಲ ಕೂತಿದೆ ಅಂದೆ. ಕೆಳಗೆ ಪೈಪು ಒಡೆದು ಮಣ್ಣೆಲ್ಲ ಜಾರಿದೆ. ಮೊದಲು ಹಿತ್ತಲ ಗೋಡೆ ಕೂತಿತ್ತು, ಈಗ ಇದು."

"ಕೂತಿದೆ ಅಂದ್ರೆ... ಸರಿಯಾಗಿ ಕೂತಿದೆ ಅಂತಲ್ವಾ?"

ಮುದುಕಿ ಕನ್ನಡಕವನ್ನು ಮೇಲೆ ಸರಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರಿಯಾಗಿದ್ರೆ ಕಾಲಿಡ್ಬೇಡಿ ಅಂತ ಯಾಕೆ ಅರಚ್ಲಿ ತಾಯೀ? ಕುಸಿದಿದೆ. ಒಳಗೆ ಟೊಳ್ಳಾಗಿ ಕೆಳಗಿಳಿದಿದೆ. ನಿಮ್ಮ ಆಫೀಸಿನ ಭಾಷೇಲಿ ಅದಕ್ಕೆ ಬೇರೆ ಹೆಸರಿದೆಯಾ?"

"ನಿಮ್ಮ ಸೊಸೇನೂ ಹೀಗೇ ಅಂತಾರಾ?"

"ಮೂವತ್ತು ವರ್ಷ ನನ್ನ ಜೊತೆ ಬದುಕಿದೋಳು ಇನ್ಹೇಗೆ ಅಂತಾಳೆ?"

"ಕುಸೀದೆ ಇದ್ರೆ? ಗಟ್ಟಿಯಾಗಿದ್ರೆ ಏನಂತೀರಿ?"

"ನಿಂತಿದೆ ಅಂತೀವಿ. ನೋಡಿ, ಬೀದಿ ಕಡೆ ಗೋಡೆ. ಅದೊಂದು ನಿಂತಿದೆ, ಪುಣ್ಯಕ್ಕೆ."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಕ್ಕರಿಸಿ ಜೆರಾಕ್ಸಿನ ಕಟ್ಟು ಬಿಚ್ಚಿದಳು. ಎರಡು ವರ್ಷದ ನಮೂದುಗಳಿದ್ದವು. ಒಂಬತ್ತು ದಿನ ಅವಳು, ಇಲಾಖೆಯ ಹೆಸರಾಂತ ಭೂತಗನ್ನಡಿ, ಆ ಕಟ್ಟಿನಲ್ಲಿ ಒಂದೇ ಒಂದು ಪುಟದ ಒಂದೇ ಸಾಲನ್ನು ದಿಟ್ಟಿಸಿ ಕೂತಿದ್ದಳು. ಮಿಕ್ಕದ್ದನ್ನು ಬೆರಳಲ್ಲಿ ಹಾರಿಸಿದ್ದಳು.

ಬಿಲ್ಲೆ ನಿಂತಿದೆ. ಬಿಲ್ಲೆ ನಿಂತಿದೆ. ಬಿಲ್ಲೆ ನಿಂತಿದೆ. ಪುಟ ಮಗುಚಿದಷ್ಟೂ ಅದೇ ಗುಂಡು ಅಕ್ಷರ, ಅದೇ ಎರಡು ಪದ. ನೂರಾರು ಕಡೆ 'ನಿಂತಿದೆ'. ಏಳು ಕಡೆ ಮಾತ್ರ 'ಕೂತಿದೆ'.

ಪಕ್ಕದ ಅಂಕಣ ನೋಡಿದಳು. ಸೀಸೆಗಳನ್ನು ಯಂತ್ರಕ್ಕೆ ಹಾಕಿದ ಹೊತ್ತು, ತೆಗೆದ ಹೊತ್ತು. 'ನಿಂತಿದೆ' ಎಂದ ಕಡೆಯೆಲ್ಲ ನಡುವೆ ಎರಡು ದಿನ. 'ಕೂತಿದೆ' ಎಂದ ಏಳೂ ಕಡೆ ಮೂವತ್ತು ಗಂಟೆಯೂ ಇಲ್ಲ.

ಸುಳ್ಳು ಬರೆದವಳಲ್ಲ. ಏಳು ಸಲ ಕೂಗಿ ಹೇಳಿದವಳು. ತನಗೆ ಗೊತ್ತಿದ್ದ ಮಾತಿನಲ್ಲಿ, ತನಗೆ ಕೊಟ್ಟಿದ್ದ ಎರಡು ಬೆರಳಗಲದ ಜಾಗದಲ್ಲಿ, ಏಳು ಸಲ. ಮೇಲಿನವರು ಆ ಕೂಗನ್ನೇ ಮಡಚಿ ಅವಳ ಕೊರಳಿಗೆ ಕಟ್ಟಿದ್ದರು. ಇವತ್ತು ವರದಿಗೆ ಸಹಿ ಬಿದ್ದರೆ ಆಕೆ ಜೈಲಿಗೆ ಹೋಗುತ್ತಾಳೆ, ಕೊನೆಯ ಬ್ಯಾಚು ವಾಪಸ್ ಬರುತ್ತದೆ. ಮಿಕ್ಕ ಆರು ಬ್ಯಾಚು ಆಸ್ಪತ್ರೆಗಳ ಫ್ರಿಜ್ಜುಗಳಲ್ಲಿ ಯಾರ ಹಲ್ಲು ಕೀಳುವುದನ್ನೋ, ಯಾರ ಮಂಡಿ ಊದುವುದನ್ನೋ ಕಾಯುತ್ತಿರುತ್ತವೆ.

"ಅಜ್ಜಿ, ನಿಮ್ಮ ಸೊಸೆ ಸುಳ್ಳು ಬರೆದಿಲ್ಲ."

"ಅದನ್ನ ನನಗ್ಯಾಕೆ ಹೇಳ್ತೀರಿ?" ಮುದುಕಿಯ ಕಾಲು ಮತ್ತೆ ಯಂತ್ರದ ಪೆಡಲು ತುಳಿಯತೊಡಗಿತ್ತು. "ಗೊತ್ತಿಲ್ದೋರಿಗೆ ಹೋಗಿ ಹೇಳಿ."

ಎದ್ದು ನಿಂತಾಗ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಜೆರಾಕ್ಸಿನ ಒಂದು ಪುಟದಲ್ಲೂ ಎಡ ಅಂಚು ಇರಲಿಲ್ಲ. ಯಾರೋ ಪುಸ್ತಕವನ್ನು ಬೇಕೆಂದೇ ಓರೆ ಇಟ್ಟು ತೆಗೆದಂತೆ, ಮೊದಲ ಅಂಕಣದ ಗೆರೆಯೇ ಅರ್ಧ ಕತ್ತರಿಸಿಹೋಗಿತ್ತು.

ಅಸಲು ಬೇಕು.

ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೈದು ನಿಮಿಷ. ಸ್ವಾಗತದ ಮೇಜಿನ ಮುಂದೆ ನಲವತ್ತು. 'ಕೂತ್ಕೊಳ್ಳಿ ಮೇಡಂ, ಸಾಹೇಬ್ರು ಮೀಟಿಂಗಲ್ಲಿದ್ದಾರೆ.' ಜಪ್ತಿ ಮಾಡುವ ಅಧಿಕಾರವಿರುವ ಕಾರ್ಡನ್ನು ಎತ್ತಿ ತೋರಿಸಿದರೆ ಮೇಜಿನ ಹಿಂದಿನ ಹೆಂಗಸು ಅದನ್ನು ನೋಡಿ, ಮುಗುಳ್ನಕ್ಕು, ಒಂದು ಲೋಟ ನೀರು ತಂದಿಟ್ಟಳು. ಕಿರುಚಿದರೆ ಇನ್ನೊಂದು ಲೋಟ ಬರುತ್ತಿತ್ತೇನೋ.

ಎರಡೂಕಾಲಿಗೆ ಗುಣಮಟ್ಟದ ಮುಖ್ಯಸ್ಥ ಬಂದ. ಬಟ್ಟೆಯಷ್ಟೇ ಅಲ್ಲ, ಮಾತಿನಲ್ಲೂ ಒಂದು ಸುಕ್ಕಿಲ್ಲದ ಮನುಷ್ಯ. ಕೆಲಸಗಾರರು ಬೆನ್ನ ಹಿಂದೆ ಅವನನ್ನು ಇಸ್ತ್ರಿ ಎನ್ನುತ್ತಿದ್ದರು.

"ಹಳೇ ಯಂತ್ರಕ್ಕೆ ಎಷ್ಟು ಅಂತ ತಲೆ ಕೆಡಿಸ್ಕೋತೀರಿ ಮೇಡಂ? ಇಲ್ಲಿ ನೋಡಿ, ಇನ್ನಾರು ತಿಂಗಳಲ್ಲಿ ಬರೋದು." ಗೋಡೆಯ ಪರದೆಯಲ್ಲಿ ಉಕ್ಕಿನ ಗೋಪುರವೊಂದು ಹೊಳೆಯಿತು. ಮದ್ದನ್ನು ಬಿಸಿಗಾಳಿಯೊಳಗೆ ಮಂಜಿನಂತೆ ಸಿಡಿಸಿ, ರೆಪ್ಪೆ ಬಡಿಯುವಷ್ಟರಲ್ಲಿ, ಬೇಯುವ ಮೊದಲೇ, ಪುಡಿ ಮಾಡುವ ಗೋಪುರ. ಆಮೇಲೆ ಸೂಕ್ಷ್ಮದರ್ಶಕದ ಚಿತ್ರ: ಒಂದೇ ಅಳತೆಯ ದುಂಡನೆಯ ಕಣಗಳು, ಕೆಲವು ಒಳಗೆ ಟೊಳ್ಳು. "ಒಂದೊಂದು ಕಣಾನೂ ನಾವು ಹೇಳಿದ ಆಕಾರಕ್ಕೆ ಬರುತ್ತೆ. ಹೊರಗೆ ಸಕ್ಕರೆಯ ಕವಚ, ಒಳಗೆ ಮದ್ದು. ಎರಡು ದಿನದ ಕೆಲಸ ಎರಡು ಗಂಟೇಲಿ."

"ಅಲ್ಲೀವರೆಗೆ ಹಳೇ ಯಂತ್ರಕ್ಕೇ ಚಾಟಿ ಬೀಸಿದ್ರಾ?"

"ಅರ್ಥ ಆಗ್ಲಿಲ್ಲ."

"ರಿಜಿಸ್ಟರಿನ ಅಸಲು ತೋರ್ಸಿ."

"ಅದು ಒಳಗಡೆ, ಶುದ್ಧ ಕೋಣೇಲಿರುತ್ತೆ. ಬಟ್ಟೆ ಬದಲಾಯಿಸ್ಬೇಕಾಗುತ್ತೆ."

"ಬದಲಾಯಿಸ್ತೀನಿ."

ಕಾಲಿಗೆ ಚೀಲ, ತಲೆಗೆ ಮುಸುಕು, ಮೈಗೆ ಬಿಳಿ ನಿಲುವಂಗಿ, ಮುಖಕ್ಕೆ ಮಾಸ್ಕು, ಎರಡು ಜೊತೆ ಗವಸು. ಎಡಗೈಯ ಗವಸು ಹರಿಯಿತು. ಕೈ ತೊಳೆಯುವುದರಿಂದ ಮತ್ತೆ ಮೊದಲು. ಗೋಡೆಯ ಗಡಿಯಾರ ಅವಳ ಹೊಟ್ಟೆ ಉರಿಸಲೆಂದೇ ಓಡುತ್ತಿತ್ತು. ಆಮೇಲೆ ಏರ್‌ಲಾಕು: ಎರಡು ಬಾಗಿಲಿನ ನಡುವಿನ ಗೂಡು. ಧೂಳು ಒಳಬರದಂತೆ, ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ. ಹಸಿರು ದೀಪ ಹತ್ತಿತು. ಒಳಗೆ ಹೋದರು.

ದಾಖಲೆಯ ಕೋಣೆಗೆ ಒಂದು ಗೋಡೆ ಪೂರಾ ಗಾಜು. ಅದರಾಚೆ ಒಣಗಿಸುವ ಯಂತ್ರದ ದುಂಡನೆಯ ಉಕ್ಕಿನ ಬಾಗಿಲು, ಅದರ ಮುಂದೆ ದೊಡ್ಡಕ್ಕನ ಜಾಗಕ್ಕೆ ಬಂದ ಹೊಸ ಹೆಂಗಸು, ಕಣ್ಣು ಮಾತ್ರ ಕಾಣುವಂತೆ. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯ ದಪ್ಪ ರಿಜಿಸ್ಟರು. ಪಕ್ಕದಲ್ಲಿ ಮಾದರಿ ಸೀಸೆಗಳ ಗಾಜುಬಾಗಿಲ ಫ್ರಿಜ್ಜು.

ಇಸ್ತ್ರಿ ರಿಜಿಸ್ಟರಿನ ಮೇಲೆ ಅಂಗೈ ಊರಿ ನಿಂತ.

"ಮೊದಲು ಒಂದು ಪ್ರಶ್ನೆ" ಎಂದಳು ಅವಳು. "'ಬಿಲ್ಲೆ ಕೂತಿದೆ' ಅಂದ್ರೆ ನೀವು ಏನಂತ ಓದ್ಕೊಂಡ್ರಿ?"

"ತಳದಲ್ಲಿ ಸಮರ್ಪಕವಾಗಿ ಕೂತಿದೆ ಅಂತ. ಬೇರೆ ಅರ್ಥ ಇದೆಯಾ?"

"ಕುಸಿದಿದೆ ಅಂತ. ಚೆನ್ನಾಗಿದ್ರೆ ಆಕೆ 'ನಿಂತಿದೆ' ಅಂತ ಬರೀತಾರೆ. ಪ್ರತಿ ಪುಟದಲ್ಲೂ ಇದೆ."

ಮಾಸ್ಕಿನ ಮೇಲಿನ ಕಣ್ಣುಗಳು ಅಲುಗಲಿಲ್ಲ. "ಓ. ಆಡುಮಾತು! ಮೇಡಂ, ನಾನು ಓದಿದ್ದು ವಿಜ್ಞಾನ, ಓಣಿ ಭಾಷೆ ಅಲ್ಲ. ಆಯಮ್ಮ ಸ್ಪಷ್ಟವಾಗಿ ಬರೀಬೇಕಿತ್ತು. ನೀವು ಹೇಳೋದು ನಿಜ ಆದ್ರೆ ಇದೊಂದು ದುರದೃಷ್ಟಕರ ಅಪಾರ್ಥ. ತುಂಬಾ ಬೇಜಾರಾಗುತ್ತೆ."

"ಮೂವತ್ತು ಗಂಟೇಲಿ ಯಂತ್ರ ನಿಲ್ಲಿಸಿದ್ದೂ ಅಪಾರ್ಥಾನಾ?"

"ಕಂಪ್ಯೂಟರ್ ದಾಖಲೆ ಇದ್ದಿದ್ರೆ ಯಾರು ನಿಲ್ಲಿಸಿದ್ದು ಅಂತ ಹೇಳ್ಬಹುದಿತ್ತು. ಏನ್ಮಾಡೋದು, ಅಳಿಸಿಹೋಯ್ತು."

ಇದಕ್ಕೇ ಅವಳು ಹೆದರಿದ್ದು. ಇವನಿಗೆ ಎಲ್ಲ ಕಡೆಯೂ ಬಾಗಿಲು. ದೊಡ್ಡಕ್ಕ ತಪ್ಪು ಮಾಡಿದ್ದರೆ ಅದು ಅಪರಾಧ, ಇವನು ಮಾಡಿದ್ದರೆ ಅಪಾರ್ಥ. ಮಾಸ್ಕಿನೊಳಗೆ ಅವಳ ಉಸಿರು ಅವಳಿಗೇ ಬಿಸಿಯಾಗಿ ತಾಗುತ್ತಿತ್ತು.

"ಹಾಗಾದ್ರೆ ಇದನ್ನ ಹೇಳಿ. ಹೊರಗಡೆ ಸಿಕ್ಕ ಸೀಸೆಗಳೆಲ್ಲ ಕುಗ್ಗಿವೆ. ನೀವು ಕಳಿಸಿದ ಮಾದರಿ ಮಾತ್ರ ಹೇಗೆ ಅಷ್ಟು ಚೆಂದ?"

"ಸಾಗಣೆ!" ಪರಿಚಯದ ದಾರಿ ಸಿಕ್ಕವನ ಹಾಗೆ ಅವನ ದನಿ ಹಗುರಾಯಿತು. "ಲಾರಿಯೋರು ಬಿಸಿಲಲ್ಲಿ ನಿಲ್ಲಿಸಿರ್ತಾರೆ, ಆಸ್ಪತ್ರೆಯೋರು ಫ್ರಿಜ್ ಆರಿಸಿರ್ತಾರೆ. ಅದಕ್ಕೆ ನಾವು ಹೊಣೆನಾ? ಬನ್ನಿ, ನಮ್ಮ ಕಪಾಟು ನೋಡಿ." ಗಾಜಿನ ಬಾಗಿಲು ಎಳೆದ. ತಣ್ಣನೆಯ ಗಾಳಿ ಹೊರಬಂತು. "ನೀವು ಹೇಳೋ ಏಳೂ ಬ್ಯಾಚಿನದು ಇಲ್ಲಿದೆ. ಎಂಬತ್ನಾಲ್ಕು ಸೀಸೆ. ನಿಮ್ಮ ಕೈಯಾರೆ ತೆಗೆದು ನೋಡಿ. ಎಂಬತ್ನಾಲ್ಕರಲ್ಲಿ ಒಂದೇ ಒಂದೂ ಕೂತಿಲ್ಲ."



"ಏನಂದ್ರಿ?" ಎಂದಳು ಭೂತಗನ್ನಡಿ, ಮೆಲ್ಲಗೆ.

"ಒಂದೂ..."

ಮಾತು ಅರ್ಧಕ್ಕೇ ನಿಂತಿತು.

"ಒಂದೂ ಕೂತಿಲ್ವಾ? ಅಯ್ಯೋ ಪಾಪ. ನಿಮ್ಮ ವಿಜ್ಞಾನದ ಪ್ರಕಾರ ಹಾಗಾದ್ರೆ ಎಂಬತ್ನಾಲ್ಕೂ ಹಾಳಾಗಿರ್ಬೇಕಲ್ಲ ಸಾರ್. ಸಮರ್ಪಕವಾಗಿ ಕೂರ್ಲೇ ಇಲ್ವಲ್ಲ."

ಅವನು ಫ್ರಿಜ್ಜಿನ ಬಾಗಿಲು ಮುಚ್ಚಿದ. ತುಂಬ ಜೋಪಾನವಾಗಿ ಮುಚ್ಚಿದ.

"ಓಣಿ ಭಾಷೆ ಚೆನ್ನಾಗೇ ಬರುತ್ತೆ ನಿಮಗೆ" ಎಂದಳು. "ಈಗಷ್ಟೇ ಕಲಿತ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರಲ್ಲ. ಬರದೆ ಇದ್ದಿದ್ರೆ ನಿಂತ ಬಿಲ್ಲೆಗಳನ್ನ ಆರಿಸಿ ಈ ಕಪಾಟಿಗೆ, ಕೂತಿದ್ದನ್ನ ಜನರ ರಕ್ತನಾಳಕ್ಕೆ ಅಂತ ಹೇಗೆ ಬೇರೆ ಮಾಡ್ತಿದ್ರಿ? ಆಕೆ ಬರೆದಾಗಲೆಲ್ಲ ನಿಮಗೆ ಅರ್ಥ ಆಗಿದೆ. ಏಳು ಸಲಾನೂ."

ಅವಳು ಅವನ ಕಣ್ಣಲ್ಲಿ ಹೆದರಿಕೆ ಹುಡುಕಿದಳು. ಸಿಕ್ಕಿದ್ದು ದಣಿವು. ಒಂದು ಬೇಡದ ಕೆಲಸ ಕೊನೆಗೂ ಮಾಡಲೇಬೇಕಾಗಿ ಬಂದವನ ದಣಿವು. ಅವನು ರಿಜಿಸ್ಟರು ತೆರೆದ. ಹಾಳೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಮಗುಚಿದ.

"ಪಾಠ ನನಗೊಬ್ಬನಿಗೇ ಯಾಕೆ ಮೇಡಂ? ಜೆರಾಕ್ಸಿನಲ್ಲಿ ಅಂಚು ಬಂದಿರ್ಲಿಲ್ಲ, ನಿಮ್ಮ ಒಳ್ಳೇದಕ್ಕೇ. ನೋಡಿ. ಏಳರಲ್ಲಿ ಮೊದಲನೇದು."

ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ದೊಡ್ಡಕ್ಕನ ಗುಂಡು ಅಕ್ಷರ: 'ಬಿಲ್ಲೆ ಕೂತಿದೆ.' ಎಡ ಅಂಚಿನಲ್ಲಿ, ತಪಾಸಣೆಗೆ ಬಂದ ಅಧಿಕಾರಿಗಳು ಬಳಸುವ ಹಸಿರು ಶಾಯಿಯಲ್ಲಿ: 'ನೋಡಿದೆ. ಸರಿಯಿದೆ.' ಕೆಳಗೆ ಒಂದು ಚುಟುಕು ಸಹಿ.

ಸಹಿ ಅವಳದೇ.

ವಾರ್ಷಿಕ ತಪಾಸಣೆಯ ದಿನ. ಇದೇ ಮೇಜು. ಮಾಸ್ಕು ತೊಟ್ಟ ಹೆಂಗಸೊಬ್ಬಳು ಕರೆಯದೆಯೇ ಹತ್ತಿರ ಬಂದು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿ, 'ಮೇಡಂ, ಇದೊಂದು ಸಾಲು ಓದಿ' ಎಂದಿದ್ದಳು. ಸಾಲಿನ ಕೆಳಗೆ ಗವಸಿನ ಬೆರಳು ಊರಿ, ತೆಗೆಯದೆ ನಿಂತಿದ್ದಳು. ಆಚೆ ತುದಿಯಲ್ಲಿ ಇಸ್ತ್ರಿ ಇದ್ದ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಇವಳು ಓದಿದ್ದಳು. 'ಕೂತಿದೆಯಲ್ಲ, ಒಳ್ಳೇದು' ಎಂದು ನಕ್ಕು ಹಸಿರು ಪೆನ್ನು ಓಡಿಸಿ ಮುಂದಿನ ಪುಟಕ್ಕೆ ಹೋಗಿದ್ದಳು.

ಆ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹಿಂದಕ್ಕೆ ಸರಿದಿತ್ತು.

ಗೋಡೆಗೆ ತಿರುಗಿದ ಆ ಬೆನ್ನು ಒಂಬತ್ತು ದಿನದಿಂದ ಹೇಳುತ್ತಿದ್ದುದು ಇಷ್ಟೇ: ನಿನಗೇ ಮೊದಲು ಹೇಳಿದ್ದೆ. ಕೇಳಿಸಿಕೊಂಡು, ನಕ್ಕು, ಸರಿಯಿದೆ ಎಂದವಳು ನೀನು. ಈಗ ಯಾವ ಮುಖ ಹೊತ್ತು ಏನು ಕೇಳಲು ಬಂದೆ?

"ಅವತ್ತು ನಮಗೂ ಸ್ವಲ್ಪ ಅಳುಕಿತ್ತು" ಎಂದ ಇಸ್ತ್ರಿ. ದನಿಯಲ್ಲಿ ಕರುಣೆಯಂಥದ್ದೇನೋ ಇತ್ತು, ಅದೇ ಅಸಹ್ಯ. "ನೀವೇ ಸರಿ ಅಂದ್ಮೇಲೆ ಮಿಕ್ಕ ಆರಕ್ಕೆ ಧೈರ್ಯ ಬಂತು. ವರದಿಗೆ ಸಹಿ ಹಾಕ್ಬಿಡಿ ಮೇಡಂ. ಈ ಪುಟ ಯಾರೂ ತೆರೆಯಲ್ಲ. ಹದಿನೇಳು ವರ್ಷದ ಸರ್ವೀಸು ನಿಮ್ದು."

ಅವಳಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಆ ಹಾಳೆ ಎಷ್ಟು ಸುಲಭವಾಗಿ ಹರಿಯಬಹುದು ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ರಿಜಿಸ್ಟರನ್ನು ಮುಚ್ಚಿ ಎತ್ತಿಕೊಂಡಳು.

"ಅದು ಹೊರಗೆ ಹೋಗೋ ಹಾಗಿಲ್ಲ."

"ಜಪ್ತಿ ಮಾಡ್ತಿದ್ದೀನಿ."

"ಅದ್ರಲ್ಲಿ ನಿಮ್ಮ ಸಹಿ ಇದೆ."

"ಇರ್ಲಿ. ವರದೀಲಿ ಮೊದಲ ಹೆಸರು ನಂದೇ ಬರೀತೀನಿ. ಎರಡನೇದು ನಿಮ್ದು. ಮೂರನೇ ಸಾಲಲ್ಲಿ ಏಳು ಬ್ಯಾಚಿನ ನಂಬರು."

ಅವನು ತಡೆಯಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗಾಜಿನಾಚೆಯ ಹೊಸ ಹೆಂಗಸು ಕೆಲಸ ನಿಲ್ಲಿಸಿ ಇವರನ್ನೇ ನೋಡುತ್ತಿದ್ದಳು.

ಏರ್‌ಲಾಕಿನೊಳಗೆ ಕಾಲಿಟ್ಟಾಗ ಮೂರು ಮೂವತ್ತೆಂಟು. ಹಿಂದಿನ ಬಾಗಿಲು ಮುಚ್ಚಿತು. ಮುಂದಿನದರ ಗುಂಡಿ ಒತ್ತಿದಳು. ಕೆಂಪು. ಮತ್ತೆ ಒತ್ತಿದಳು. ಕೆಂಪು. ತಿರುಗಿ ಹಿಂದಿನ ಬಾಗಿಲಿನ ಗುಂಡಿ ಒತ್ತಿದಳು. ಅಲ್ಲೂ ಕೆಂಪು. ಗೋಡೆಗಂಟಿದ ಬೆಂಚೊಂದು ಬಿಟ್ಟರೆ ಎರಡಾಳು ನಿಲ್ಲುವಷ್ಟೇ ಇದ್ದ ಆ ಬಿಳಿ ಗೂಡಿನಲ್ಲಿ ಮೇಲಿನಿಂದ ಗಾಳಿ ಸುರಿಯುತ್ತಿತ್ತು. ಬಾಗಿಲಿನ ಸಣ್ಣ ಗಾಜಿನಲ್ಲಿ ಇಸ್ತ್ರಿಯ ಬೆನ್ನು ಕಂಡಿತು. ಅವನು ಗೋಡೆಯ ಫೋನಿನಲ್ಲಿ ಮಾತಾಡುತ್ತಿದ್ದ. ಮಾತು ಮುಗಿಸಿ ಇಟ್ಟ.

ಮುಷ್ಟಿ ಕಟ್ಟಿ ಗಾಜಿಗೆ ಗುದ್ದಿದಳು. ಎರಡು ಗವಸಿನ ಗುದ್ದಿಗೆ ಸದ್ದೂ ಬರಲಿಲ್ಲ. ಸ್ವಂತ ಫೋನು ಬಟ್ಟೆ ಬದಲಾಯಿಸುವ ಕೋಣೆಯ ಬೀರುವಿನಲ್ಲಿತ್ತು. ಗೂಡಿನ ಗೋಡೆಯ ಫೋನಿಗೆ ನಂಬರು ಒತ್ತುವ ಗುಂಡಿಗಳೇ ಇರಲಿಲ್ಲ.

ನಾಲ್ಕಕ್ಕೆ ಹನ್ನೆರಡು ನಿಮಿಷವಿದ್ದಾಗ ಏರ್‌ಲಾಕಿನ ಗೋಡೆಗೆ ತಗಲಿಸಿದ್ದ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀರಮ್ಮಾ?" ಉಪನಿರ್ದೇಶಕರ ದನಿ.

"ಸರ್! ಏರ್‌ಲಾಕಿನಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ, ಬಾಗಿಲು ತೆರೀತಿಲ್ಲ. ಒಂದು ಬ್ಯಾಚಲ್ಲ ಸರ್, ಏಳು. ಆರು ಇನ್ನೂ ಆಸ್ಪತ್ರೆಗಳಲ್ಲಿವೆ. ಈಗಲೇ ವಾಪಸ್ ತರಿಸ್ಬೇಕು, ಇವತ್ತೇ..."

"ಗಾಬರಿ ಆಗ್ಬೇಡಿ. ಎಲ್ಲ ಮುಗಿದಿದೆ. ಆಕೆ ಎರಡೂವರೆಗೇ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದಾಳೆ."

"ಹೆಬ್ಬೆಟ್ಟಾ? ಸರ್, ಆಕೆಗೆ ಬರೆಯೋಕೆ ಬರುತ್ತೆ. ಆಕೆ ಯಾಕೆ ಹೆಬ್ಬೆಟ್ಟು ಒತ್ತುತ್ತಾರೆ? ಆಕೆ ಕೈಗೆ ಏನಾಗಿದೆ ಸರ್?"



"ನಿಮ್ಮ ಮೇಲೂ ಯಾವ ಮಾತೂ ಬರದ ಹಾಗೆ ನೋಡ್ಕೊಂಡಿದ್ದೀನಿ" ಎಂದರು ಉಪನಿರ್ದೇಶಕರು, ಮಗುವಿಗೆ ಸಮಾಧಾನ ಹೇಳುವವರಂತೆ. "ಆ ರಿಜಿಸ್ಟರನ್ನ ಅಲ್ಲೇ ಬೆಂಚಿನ ಮೇಲಿಡಿ. ಬಾಗಿಲು ತಾನೇ ತೆರ್ಕೊಳ್ಳುತ್ತೆ."